ಲೋಡ್ ಬಿದ್ದೊಡನೆ ಜನರೇಟರ್ ಯಾಕೆ ತಿಣುಕುತ್ತದೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಕರೆಂಟ್ ಹೋದಾಗ ಓಡಿಸಲು 15 ಕೆವಿಎ ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದೇವೆ. ಸ್ಟಾರ್ಟ್ ಮಾಡಿದಾಗ ಹಗುರವಾಗಿ ಓಡುತ್ತದೆ. ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿ ಮೋಟರ್‌ಗಳನ್ನು ಆನ್ ಮಾಡಿದ ತಕ್ಷಣ ಇಂಜಿನ್ ತಿಣುಕುತ್ತದೆ, ಕರಿ ಹೊಗೆ ಬಿಡುತ್ತದೆ, ಲೈಟು ಒಮ್ಮೆ ಮಂಕಾಗುತ್ತದೆ. ಒಳಗೆ ತಿರುಗುವ ಭಾಗ ಸುತ್ತಲಿನ ತಂತಿಗೆ ಎಲ್ಲೂ ತಗಲುವುದಿಲ್ಲ ಅಂತ ಮೆಕ್ಯಾನಿಕ್ ಹೇಳಿದರು. ಹಾಗಾದರೆ ಅದನ್ನು ಹಿಡಿದು ಎಳೆಯುವುದು ಯಾವುದು? ಇನ್ನೊಂದು ವಿಷಯ. ನಮ್ಮ ಅಣ್ಣನ ಮಗ ಒಂದು ವಿಡಿಯೊ ತೋರಿಸಿದ. 1 ಎಚ್‌ಪಿ ಮೋಟರ್ ಒಂದು ಭಾರದ ಫ್ಲೈವೀಲ್ ತಿರುಗಿಸುತ್ತದೆ, ಅದು 5 ಕಿಲೋವಾಟ್ ಆಲ್ಟರ್ನೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದಲೇ ಮೋಟರ್ ಓಡುತ್ತದೆ, ಮಿಕ್ಕಿದ್ದು ನಮಗೆ. ಡೀಸೆಲ್ ಬೇಡವೇ ಬೇಡ ಅಂತ. ಮಾಡಿಕೊಡುವವರು ಅಡ್ವಾನ್ಸ್ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಅಡ್ವಾನ್ಸ್ ಕೊಡಬೇಡಿ. ಯಾಕೆ ಕೊಡಬಾರದು ಅನ್ನುವುದು ನಿಮ್ಮ ಮೊದಲ ಪ್ರಶ್ನೆಯ ಹೊಟ್ಟೆಯೊಳಗೇ ಇದೆ. ತಗಲದೆ ಇರುವ ಆ ತಂತಿ ಇಂಜಿನ್ನನ್ನು ಹೇಗೆ ಹಿಡಿದು ಎಳೆಯುತ್ತದೆ ಎಂದು ಒಮ್ಮೆ ಗೊತ್ತಾದರೆ, ಆ ವಿಡಿಯೊ ಸುಳ್ಳೆಂದು ಇನ್ನೊಬ್ಬರು ಹೇಳಬೇಕಾಗುವುದಿಲ್ಲ.

ತಾಮ್ರದ ತಂತಿಯ ಸುರುಳಿಯ ಮುಂದೆ ಅಯಸ್ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಆಗುವುದಿಲ್ಲ. ಎಷ್ಟು ಬಲವಾದ ಅಯಸ್ಕಾಂತ ಇಟ್ಟರೂ ಅಷ್ಟೆ. ಅದನ್ನು ಅಲ್ಲಾಡಿಸಿದಾಗ, ಅಂದರೆ ಸುರುಳಿಯೊಳಗೆ ಹಾದುಹೋಗುವ ಕಾಂತಕ್ಷೇತ್ರ ಹೆಚ್ಚುಕಡಿಮೆ ಆಗುತ್ತಿರುವಾಗ ಮಾತ್ರ ತಂತಿಯ ಎರಡು ತುದಿಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಪ್ರೇರಣೆ ಎಂದು ಕರೆಯುವ ಇದನ್ನು ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1831ರಲ್ಲಿ ಕಂಡುಕೊಂಡ. ಆಗಸ್ಟ್ 29ರಂದು ಒಂದು ಕಬ್ಬಿಣದ ಬಳೆಗೆ ಎರಡು ಬೇರೆ ಬೇರೆ ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಕರೆಂಟ್ ತೋರಿಸುವ ಮುಳ್ಳು ಜೋಡಿಸಿದ್ದ. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಒಮ್ಮೆ ಜಿಗಿಯಿತು. ಬ್ಯಾಟರಿ ಹಾಗೇ ಇದ್ದಷ್ಟು ಹೊತ್ತೂ ಸುಮ್ಮನಿತ್ತು. ಕಿತ್ತಾಗ ಮತ್ತೆ ಜಿಗಿಯಿತು, ಈ ಬಾರಿ ಎದುರು ದಿಕ್ಕಿಗೆ. ಇಂದು ಕಂಬದ ಮೇಲೆ ಕೂತಿರುವ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೂಲ ಆ ಬಳೆ. ಅಕ್ಟೋಬರ್ 17ಕ್ಕೆ ಅವನು ಅಯಸ್ಕಾಂತದ ಸರಳನ್ನೇ ಸುರುಳಿಯೊಳಗೆ ತೂರಿಸಿ, ಎಳೆದು ನೋಡಿದ. ಅದೇ ತಿಂಗಳ 28ಕ್ಕೆ ದೊಡ್ಡ ಅಯಸ್ಕಾಂತದ ಎರಡು ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ತಿರುಗುವಷ್ಟು ಹೊತ್ತೂ ನಿಲ್ಲದೆ ಬರುವ ಕರೆಂಟ್ ಪಡೆದ. ನಿಮ್ಮ ಶೆಡ್ಡಿನಲ್ಲಿರುವುದರ ಮುತ್ತಜ್ಜ ಅದು.

ಬೇಗ ತಿರುಗಿಸಿದಷ್ಟೂ, ಅಯಸ್ಕಾಂತ ಬಲವಾಗಿದ್ದಷ್ಟೂ, ಸುತ್ತು ಹೆಚ್ಚಿದ್ದಷ್ಟೂ ವೋಲ್ಟೇಜ್ ಜಾಸ್ತಿ. ಇಲ್ಲಿಯವರೆಗಿನದು ಶಾಲೆಯ ಪಾಠದಲ್ಲಿ ಇದ್ದದ್ದೇ. ಪಾಠ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ, ವಿಡಿಯೊ ಮಾಡುವವರು ಶುರುಮಾಡುವುದೂ ಇಲ್ಲಿಂದಲೇ. ‘ಅಯಸ್ಕಾಂತ ತಿರುಗಿದರೆ ಕರೆಂಟ್, ಅಯಸ್ಕಾಂತ ಸವೆಯುವುದಿಲ್ಲ, ಅಂದಮೇಲೆ ಕರೆಂಟ್ ಪುಕ್ಕಟೆ’ ಎಂಬ ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಅದರಲ್ಲಿ ಬಿಟ್ಟುಹೋಗಿರುವುದು ಮುಂದಿನ ಸಂಗತಿ.

ವೋಲ್ಟೇಜ್ ಹುಟ್ಟಿದ ಮಾತ್ರಕ್ಕೆ ಕರೆಂಟ್ ಹರಿಯುವುದಿಲ್ಲ. ತಂತಿಯ ತುದಿಗಳು ಬಿಟ್ಟುಕೊಂಡಿದ್ದರೆ, ಅಂದರೆ ನಿಮ್ಮ ಚೇಂಜ್‌ಓವರ್ ಮೇಲಕ್ಕೆತ್ತಿದ್ದರೆ, 230 ವೋಲ್ಟ್ ಇರುತ್ತದೆ, ಹರಿವು ಇರುವುದಿಲ್ಲ. ಆಗ ಇಂಜಿನ್ನು ಬೇರಿಂಗಿನ ತಿಕ್ಕಾಟ, ಫ್ಯಾನಿನ ಗಾಳಿ, ಕಬ್ಬಿಣದೊಳಗಿನ ಒಂದಿಷ್ಟು ನಷ್ಟ ಇಷ್ಟನ್ನು ಮಾತ್ರ ನಿಭಾಯಿಸಬೇಕು. ಅದಕ್ಕೇ ಹಗುರವಾಗಿ ಓಡುತ್ತದೆ. ಚೇಂಜ್‌ಓವರ್ ಇಳಿಸಿ ಮೋಟರ್ ಆನ್ ಮಾಡಿದಿರಿ ಅನ್ನಿ. ದಾರಿ ಸಿಕ್ಕಿತು, ಕರೆಂಟ್ ಹರಿಯಿತು. ಕರೆಂಟ್ ಹರಿದ ಕ್ಷಣ ಆ ಸುರುಳಿಯೇ ಒಂದು ಅಯಸ್ಕಾಂತ ಆಯಿತು. ಇಡೀ ಕಥೆಯ ತಿರುಳು ಇದು.

ಈ ಹೊಸ ಅಯಸ್ಕಾಂತದ ಉತ್ತರ ಧ್ರುವ ಎತ್ತ ಇರುತ್ತದೆ? ರೋಟರಿನ, ಅಂದರೆ ಒಳಗೆ ತಿರುಗುವ ಅಯಸ್ಕಾಂತದ, ಉತ್ತರ ಧ್ರುವ ಸುರುಳಿಯ ಹತ್ತಿರ ಬರುತ್ತಿರುವಾಗ ಸುರುಳಿಯೂ ತನ್ನ ಉತ್ತರವನ್ನೇ ಎದುರು ಒಡ್ಡುತ್ತದೆ; ಬರಬೇಡ ಅಂತ ತಳ್ಳುತ್ತದೆ. ರೋಟರ್ ದಾಟಿ ಹೋಗತೊಡಗಿದ ಮೇಲೆ ಕರೆಂಟ್ ದಿಕ್ಕು ಬದಲಿಸಿ ಸುರುಳಿ ದಕ್ಷಿಣವಾಗುತ್ತದೆ. ಹೋಗಬೇಡ ಅಂತ ಹಿಂದಕ್ಕೆ ಎಳೆಯುತ್ತದೆ. ಬರುವಾಗಲೂ ಅಡ್ಡಿ, ಹೋಗುವಾಗಲೂ ಅಡ್ಡಿ. ಇದನ್ನು ನಿಯಮವಾಗಿ 1834ರಲ್ಲಿ ಹೇಳಿದವನು ಸೇಂಟ್ ಪೀಟರ್ಸ್‌ಬರ್ಗಿನ ಲೆಂಝ್. ಹುಟ್ಟಿದ ಕರೆಂಟ್, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ ಎಂಬುದು ಆ ನಿಯಮ. ಇದು ಉಲ್ಟಾ ಆಗಿದ್ದರೆ ಏನಾಗುತ್ತಿತ್ತು ಯೋಚಿಸಿ. ಹತ್ತಿರ ಬರುವ ಅಯಸ್ಕಾಂತವನ್ನು ಸುರುಳಿ ಬಾ ಎಂದು ಎಳೆದುಕೊಳ್ಳುತ್ತಿತ್ತು, ಅದರಿಂದ ವೇಗ ಹೆಚ್ಚಿ ಕರೆಂಟ್ ಹೆಚ್ಚುತ್ತಿತ್ತು, ಅದರಿಂದ ಇನ್ನಷ್ಟು ಎಳೆತ. ಒಮ್ಮೆ ಕೈಯಲ್ಲಿ ತಿರುಗಿಸಿ ಬಿಟ್ಟರೆ ಸಾಕಿತ್ತು. ನಿಮ್ಮ ವಿಡಿಯೊದವರು ಮಾರುತ್ತಿರುವುದು ಈ ಉಲ್ಟಾ ಲೋಕದ ಯಂತ್ರವನ್ನು.

ಅಡ್ಡಿ ಎಷ್ಟು ಬಲವಾದದ್ದು ಎಂದು ಒಂದು ಲೆಕ್ಕ ಹಾಕೋಣ. ಸ್ಟೇಟರಿನಲ್ಲಿರುವ, ಅಂದರೆ ಸುತ್ತಲೂ ತಿರುಗದೆ ನಿಂತಿರುವ ಭಾಗದಲ್ಲಿರುವ, ಒಂದೇ ಒಂದು ತಂತಿ ತಗೊಳ್ಳಿ: ಉದ್ದ 20 ಸೆಂಟಿಮೀಟರ್, ಹರಿಯುವ ಕರೆಂಟ್ 20 ಆಂಪಿಯರ್, ಅಲ್ಲಿನ ಕಾಂತಕ್ಷೇತ್ರ 0.8 ಟೆಸ್ಲಾ. ಮೂರನ್ನೂ ಗುಣಿಸಿದರೆ 3.2 ನ್ಯೂಟನ್, ಅಂದರೆ ಸುಮಾರು 330 ಗ್ರಾಂ ತೂಕದಷ್ಟು ಬಲ. ಆ ತಂತಿಗೂ, ಅದು ಕೂತಿರುವ ಕಬ್ಬಿಣದ ಸ್ಲಾಟಿಗೂ ಸೇರಿ ಇಷ್ಟು ಬೀಳುತ್ತದೆ. ಇಂಥ ನೂರಾರು ತಂತಿಗಳು ಸುತ್ತಲೂ ಇವೆ. ಒಟ್ಟು ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಹಿಡಿಯಬಹುದು. ನಿಮ್ಮ ಸೆಟ್ಟು ಹೆಚ್ಚುಕಡಿಮೆ ಖಂಡಿತವಾಗಿ 1500 ಆರ್‌ಪಿಎಂನದು: ನಮ್ಮ ದೇಶದ 50 ಹರ್ಟ್ಸ್‌ಗೆ ನಾಲ್ಕು ಧ್ರುವದ ರೋಟರ್ ಅಷ್ಟೇ ವೇಗದಲ್ಲಿ ತಿರುಗಬೇಕು. 10 ಕಿಲೋವಾಟ್ ಕೊಡುತ್ತಿರುವಾಗ ಶಾಫ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 64 ನ್ಯೂಟನ್ ಮೀಟರ್, ನಷ್ಟ ಸೇರಿಸಿದರೆ 70ರ ಮೇಲೆ. ಶಾಫ್ಟಿಗೆ ಒಂದು ಮೀಟರ್ ಉದ್ದದ ಸರಳು ಬೆಸೆದು ಅದರ ತುದಿಯನ್ನು ಏಳು ಕೆಜಿ ಭಾರದಷ್ಟು ಬಲದಲ್ಲಿ ಯಾರೋ ಹಿಂದಕ್ಕೆ ಎಳೆದು ಹಿಡಿದಂತೆ. ಏಳು ಕೆಜಿ ದೊಡ್ಡದಲ್ಲ ಅನ್ನಿಸಬಹುದು. ಆದರೆ ಆ ಎಳೆತಕ್ಕೆ ಎದುರಾಗಿ ಸೆಕೆಂಡಿಗೆ 25 ಸುತ್ತು ಹಾಕಬೇಕು, ನಿಲ್ಲದೆ ಹಾಕುತ್ತಲೇ ಇರಬೇಕು. ಡೀಸೆಲ್ ಸುಡುವುದು ಅದಕ್ಕೆ.

ಹಿಂದೆ ನಮ್ಮ ಕಡೆ ಬಾವಿಗಳಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದದ್ದು ಮನೆಯ ಹಿರಿಯರಿಗೆ ನೆನಪಿರಬಹುದು. ಖಾಲಿ ಬಾನಿಯಾದರೆ ಎತ್ತುಗಳು ಇಳಿಜಾರಿನಲ್ಲಿ ಆರಾಮಾಗಿ ನಡೆದುಬಿಡುತ್ತವೆ. ಅದೇ ಹಗ್ಗ, ಅದೇ ಗಾಲಿ, ನೀರು ತುಂಬಿದ ಮೇಲೆ ಕುತ್ತಿಗೆ ಬಗ್ಗುತ್ತದೆ. ನಿಮ್ಮ ಜನರೇಟರ್ ಲೋಡಿಲ್ಲದೆ ಓಡುವಾಗ ಎಳೆಯುವುದು ಖಾಲಿ ಬಾನಿಯನ್ನು.

ನನ್ನ ಮಾತು ನಂಬಬೇಕಾಗಿಲ್ಲ, ಕೈಯಲ್ಲೇ ಮುಟ್ಟಿ ನೋಡಬಹುದು. ಒಳಗೆ ಕಾಯಂ ಅಯಸ್ಕಾಂತ ಇರುವ ಬಿಎಲ್‌ಡಿಸಿ ಸೀಲಿಂಗ್ ಫ್ಯಾನುಗಳು ಈಗ ಎಲ್ಲ ಕಡೆ ಇವೆ. ಸರ್ಕ್ಯೂಟ್ ಬೋರ್ಡ್ ಸುಟ್ಟುಹೋದ ಒಂದು ಫ್ಯಾನು ರಿಪೇರಿ ಅಂಗಡಿಯಲ್ಲಿ ಬಿದ್ದಿದ್ದರೆ, ಬೋರ್ಡಿನಿಂದ ಬಿಡಿಸಿದ ಅದರ ವೈಂಡಿಂಗಿನ ಮೂರು ತಂತಿಗಳನ್ನು ಒಂದಕ್ಕೊಂದು ತಗಲದಂತೆ ಬಿಟ್ಟು ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಸುಲಭವಾಗಿ ಸುತ್ತುತ್ತದೆ. ಈಗ ಮೂರನ್ನೂ ಸೇರಿಸಿ ಹೊಸೆದು ಮತ್ತೆ ತಿರುಗಿಸಿ. ಜೇನುತುಪ್ಪದಲ್ಲಿ ಕೈ ಆಡಿಸಿದ ಹಾಗೆ ಬಿಗಿಯಾಗುತ್ತದೆ, ಬಿಟ್ಟರೆ ಕೂಡಲೇ ನಿಲ್ಲುತ್ತದೆ. ಒಳಗೆ ಯಾವುದೂ ಯಾವುದಕ್ಕೂ ತಗಲಿಲ್ಲ. ನೀವು ತಿರುಗಿಸಿದ್ದರಿಂದ ಹುಟ್ಟಿದ ಕರೆಂಟಿಗೆ ಹರಿಯಲು ದಾರಿ ಸಿಕ್ಕಿತು, ಅದು ನಿಮ್ಮ ಕೈಯನ್ನೇ ತಡೆಯಿತು. (ಪ್ಲಗ್‌ಗೆ ಹಾಕಿರುವ ಫ್ಯಾನಿನಲ್ಲಿ ಮಾತ್ರ ಈ ಆಟ ಬೇಡ.) ಹಳೇ ಸೈಕಲ್ ಡೈನಮೋ ಕಂಡವರಿಗೆ ಇದು ಹೊಸದಲ್ಲ, ಲೈಟಿನ ತಂತಿ ಕಿತ್ತುಹೋದ ದಿನ ಪೆಡಲ್ ಹಗುರವಾಗಿರುತ್ತಿತ್ತು.

ಚಕ್ರ ತಿರುಗುವ ಹಳೇ ಕರೆಂಟ್ ಮೀಟರ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನೂ ಗಾಜಿನ ಮೂಲಕ ನೋಡಿ. ಅಲ್ಯುಮಿನಿಯಂ ತಟ್ಟೆಯ ಒಂದು ಅಂಚು ಸಣ್ಣ ಅಯಸ್ಕಾಂತದ ಬಾಯೊಳಗೆ ಹಾದುಹೋಗುತ್ತದೆ. ಅದು ಬ್ರೇಕು. ತಟ್ಟೆ ತಿರುಗಿದಂತೆ ಅದರ ಮೈಯಲ್ಲೇ ಕರೆಂಟ್ ಸುಳಿಸುಳಿಯಾಗಿ ಹುಟ್ಟಿ, ತಟ್ಟೆಯನ್ನು ಹಿಡಿದು ನಿಧಾನಿಸುತ್ತದೆ. ಆ ಬ್ರೇಕ್ ಇಲ್ಲದಿದ್ದರೆ ಚಕ್ರ ಮಿತಿಮೀರಿ ಓಡಿ ಬಿಲ್ಲು ಎಲ್ಲಿಗೋ ಹೋಗುತ್ತಿತ್ತು. ಇಷ್ಟು ವರ್ಷ ಮನೆಮನೆಯ ಗೋಡೆಯ ಮೇಲೆ ಲೆಂಝ್ ನಿಯಮ ತಿರುಗುತ್ತಿತ್ತು, ನಾವು ಬಿಲ್ಲಿನ ಮೊತ್ತವನ್ನಷ್ಟೇ ನೋಡುತ್ತಿದ್ದೆವು.

ಇನ್ನು ನಿಮ್ಮ ಜನರೇಟರಿನ ಒಳಗೆ. ಅದರಲ್ಲಿ ಕಾಯಂ ಅಯಸ್ಕಾಂತ ಇರುವ ಸಂಭವ ಕಡಿಮೆ. ರೋಟರಿನ ಕಬ್ಬಿಣಕ್ಕೆ ತಂತಿ ಸುತ್ತಿ, ಅದಕ್ಕೆ ಸ್ವಲ್ಪ ಡಿಸಿ ಕರೆಂಟ್ ಹಾಯಿಸಿ ಅಯಸ್ಕಾಂತ ಮಾಡುತ್ತಾರೆ. ಆ ಡಿಸಿ ಎಲ್ಲಿಂದ ಅಂದರೆ ಅದೇ ಜನರೇಟರಿನಿಂದ. ಹಾಗಾದರೆ ಮೊಟ್ಟಮೊದಲು? ಕಬ್ಬಿಣದಲ್ಲಿ ಹಿಂದಿನ ಸಲದ ಕಾಂತತ್ವ ಒಂದಿಷ್ಟು ಉಳಿದಿರುತ್ತದೆ. ಇಂಜಿನ್ ತಿರುಗಿದಾಗ ಅದರಿಂದ ಕೆಲವು ವೋಲ್ಟ್ ಹುಟ್ಟಿ, ಅದು ರೋಟರಿಗೆ ಹೋಗಿ ಅಯಸ್ಕಾಂತ ಬಲಗೊಂಡು, ಮತ್ತೆ ವೋಲ್ಟ್ ಏರಿ, ಕೆಲವೇ ಸೆಕೆಂಡಿನಲ್ಲಿ 230ಕ್ಕೆ ಬಂದು ನಿಲ್ಲುತ್ತದೆ. ಬಹಳ ಕಾಲ ಮೂಲೆಯಲ್ಲಿ ನಿಲ್ಲಿಸಿದ್ದ ಸೆಟ್ಟು ಕೆಲವೊಮ್ಮೆ ಇಂಜಿನ್ ಚೆನ್ನಾಗಿ ಓಡಿದರೂ ಕರೆಂಟ್ ಕೊಡುವುದಿಲ್ಲ. ಆ ಉಳಿಕೆ ಕಾಂತತ್ವ ಹೋಗಿರುತ್ತದೆ. ಮೆಕ್ಯಾನಿಕ್ ಬಂದು 12 ವೋಲ್ಟ್ ಬ್ಯಾಟರಿಯಿಂದ ಫೀಲ್ಡಿಗೆ (ಅಯಸ್ಕಾಂತ ಮಾಡುವ ಸುರುಳಿಗೆ) ಒಂದು ಕ್ಷಣ ಕರೆಂಟ್ ಮುಟ್ಟಿಸಿ ಸರಿಮಾಡುವುದು ಇದನ್ನೇ. ಆಗ ವೈಂಡಿಂಗ್ ಸುಟ್ಟಿದೆ ಅಂತ ಯಾರಾದರೂ ಹೆದರಿಸಿದರೆ ಮೊದಲು ಇದನ್ನು ಮಾಡಿಸಿ ನೋಡಿ.

ಲೋಡ್ ಬಿದ್ದಾಗ ಇಬ್ಬರು ಕಾವಲುಗಾರರು ಎಚ್ಚರವಾಗುತ್ತಾರೆ. ವೋಲ್ಟೇಜ್ ಇಳಿದದ್ದನ್ನು ಕಂಡು ಎವಿಆರ್ (ವೋಲ್ಟೇಜನ್ನು ಹದದಲ್ಲಿಡುವ ಸಾಧನ) ರೋಟರಿಗೆ ಇನ್ನಷ್ಟು ಡಿಸಿ ಕೊಡುತ್ತದೆ. ವೇಗ ಇಳಿದದ್ದನ್ನು ಕಂಡು ಗವರ್ನರ್ (ವೇಗವನ್ನು ಹದದಲ್ಲಿಡುವ ಸಾಧನ) ಇಂಜಿನ್ನಿಗೆ ಇನ್ನಷ್ಟು ಡೀಸೆಲ್ ಬಿಡುತ್ತದೆ. ಗವರ್ನರ್ ಡೀಸೆಲ್ ಬಿಟ್ಟಷ್ಟು ಬೇಗ ಗಾಳಿ ಬಂದು ಸೇರುವುದಿಲ್ಲ, ವೇಗವೂ ಆ ಹೊತ್ತಿಗೆ ಕುಸಿದಿರುತ್ತದೆ. ನಿಮ್ಮ ಆ ಒಂದು ಉಸಿರಿನ ಕರಿ ಹೊಗೆ ಅದೇ. ಒಂದೆರಡು ಸೆಕೆಂಡಿನಲ್ಲಿ ತಿಳಿಯಾದರೆ ಚಿಂತೆಯಿಲ್ಲ. ಲೋಡ್ ಇರುವಷ್ಟು ಹೊತ್ತೂ ಕರಿ ಹೊಗೆಯೇ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ, ಇಲ್ಲವೇ ಲೋಡೇ ಮೀರಿದೆ. ಲೈಟ್ ಮಂಕಾಗುವುದಕ್ಕೆ ನಿಮ್ಮ ಮೋಟರ್‌ಗಳೇ ಕಾರಣ. ಓಡುತ್ತಿರುವ ಮೋಟರಿನೊಳಗೂ ಪ್ರೇರಣೆಯಿಂದ ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ಹದದಲ್ಲಿಡುತ್ತದೆ. ಸ್ಟಾರ್ಟ್ ಆಗುವ ಕ್ಷಣ ರೋಟರ್ ನಿಂತೇ ಇರುವುದರಿಂದ ಆ ಹದ ಇನ್ನೂ ಬಂದಿರುವುದಿಲ್ಲ. ನೇರವಾಗಿ ಆನ್ ಮಾಡಿದ ಮೋಟರ್ ಓಡುವಾಗಿನ ಐದರಿಂದ ಏಳು ಪಟ್ಟು ಕರೆಂಟ್ ಎಳೆಯುತ್ತದೆ. ಎಲ್ಲ ಮೋಟರ್‌ಗಳ ಸ್ವಿಚ್ಚನ್ನೂ ಆನ್‌ನಲ್ಲೇ ಬಿಟ್ಟು ಚೇಂಜ್‌ಓವರ್ ಎಳೆದರೆ ಇವೆಲ್ಲ ಒಟ್ಟಿಗೆ ಬಾಯಿ ಹಾಕುತ್ತವೆ. ಮೊದಲು ಎಲ್ಲವನ್ನೂ ಆಫ್ ಮಾಡಿ, ದೊಡ್ಡ ಮೋಟರ್ ಮೊದಲು, ಅದು ವೇಗ ಹಿಡಿದ ಮೇಲೆ ಇನ್ನೊಂದು, ಹೀಗೆ ಒಂದೊಂದಾಗಿ ಆನ್ ಮಾಡಿ. ತಿಣುಕಾಟ ಅರ್ಧಕ್ಕರ್ಧ ಅಲ್ಲೇ ಕಡಿಮೆಯಾಗುತ್ತದೆ.

ಇದೇ ಲೆಕ್ಕ ದೊಡ್ಡ ಪ್ರಮಾಣದಲ್ಲಿ ನಮ್ಮ ಸೀಮೆಯಲ್ಲೇ ನಡೆದಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದು ಕರೆಂಟ್ ತಂದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ, ಮುಂದೆ ನಿಂತು ನಡೆಸಿದ ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯೆರ್. ಮುಗಿಯುವ ಮುನ್ನ, 1901ರಲ್ಲೇ, ಶೇಷಾದ್ರಿ ಅಯ್ಯರ್ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು ಗಣಿಗೆ ಕರೆಂಟ್ ಬಂತು, ಬೆಂಗಳೂರಿಗೆ 1905ರಲ್ಲಿ. ನನಗೆ ಇದರಲ್ಲಿ ಸೋಜಿಗ ಅನ್ನಿಸುವುದು ಆ ದೂರಕ್ಕಿಂತ ಹೆಚ್ಚಾಗಿ ಇನ್ನೊಂದು. ಗಣಿಯಲ್ಲಿ ಭಾರದ ಯಂತ್ರವೊಂದನ್ನು ಆನ್ ಮಾಡಿದರೆ, ಅದರ ಎಳೆತ ಕಣ್ಣುಮಿಟುಕಿಸುವುದರೊಳಗೆ ಶಿವನಸಮುದ್ರದ ಜನರೇಟರಿನ ಶಾಫ್ಟಿಗೆ ಮುಟ್ಟುತ್ತಿತ್ತು. ಅಲ್ಲಿನ ಗವರ್ನರ್ ಟರ್ಬೈನಿಗೆ ಅಷ್ಟು ಹೆಚ್ಚು ನೀರು ಬಿಡಬೇಕಿತ್ತು. ಗಣಿಯಲ್ಲಿ ಆದ ಕೆಲಸದ ಬೆಲೆಯನ್ನು ಬೀಳುವ ಕಾವೇರಿ ತೆರುತ್ತಿತ್ತು. ಅಯಸ್ಕಾಂತ ಅಲ್ಲೂ ಏನನ್ನೂ ಕೊಡಲಿಲ್ಲ, ಇಲ್ಲೂ ಕೊಡುವುದಿಲ್ಲ. ತಳ್ಳಾಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವುದಷ್ಟೇ ಅದರ ಕೆಲಸ. (ಎಲ್ಲ ಕರೆಂಟೂ ತಿರುಗುವುದರಿಂದಲೇ ಬರುವುದಲ್ಲ. ಪಾವಗಡದ 2050 ಮೆಗಾವಾಟ್ ಸೋಲಾರ್ ಪಾರ್ಕಿನ ಹಾಳೆಗಳಲ್ಲಿ ಪ್ರೇರಣೆಯ ಮಾತೇ ಇಲ್ಲ. ಆದರೆ ಅಲ್ಲೂ ಬೆಲೆ ತೆರುವವನು ಒಬ್ಬನಿದ್ದಾನೆ, ಬಿಸಿಲು.)

ವಿಡಿಯೊಗೆ ಬರೋಣ. 1 ಎಚ್‌ಪಿ ಮೋಟರ್ ಶಾಫ್ಟಿನಲ್ಲಿ ಕೊಡುವುದು 746 ವಾಟ್. ಅಷ್ಟು ಕೊಡಲು ಅದು ಲೈನಿನಿಂದ 950 ವಾಟಿನಷ್ಟು ಎಳೆಯುತ್ತದೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಆ 746 ವಾಟ್ ಬೆಲ್ಟು ದಾಟಿ ಆಲ್ಟರ್ನೇಟರಿಗೆ ಹೋಗಿ ಹೊರಬರುವಾಗ 600ರ ಆಸುಪಾಸು. ಮೋಟರಿಗೆ ಬೇಕು 950, ಸಿಗುವುದು 600. ನಿಮಗೆ ಮಿಗುವುದಿರಲಿ, ಮೋಟರಿಗೇ ಸಾಲದು. ಆಲ್ಟರ್ನೇಟರಿನ ತಗಡಿನ ಮೇಲೆ 5 ಕಿಲೋವಾಟ್ ಅಂತ ಬರೆದಿರುವುದು ಅದು ತಾಳಿಕೊಳ್ಳಬಲ್ಲ ಮಿತಿ ಮಾತ್ರ.

ಫ್ಲೈವೀಲ್ ಇದೆಯಲ್ಲ ಅನ್ನುತ್ತಾರೆ. ಅದಕ್ಕೂ ಲೆಕ್ಕ ಇದೆ. 50 ಕೆಜಿ ತೂಕದ, 60 ಸೆಂಟಿಮೀಟರ್ ಅಗಲದ ಕಬ್ಬಿಣದ ತಟ್ಟೆ 1500 ಆರ್‌ಪಿಎಂನಲ್ಲಿ ತಿರುಗುತ್ತಿದೆ ಅನ್ನಿ. ಅದರಲ್ಲಿ ಕೂಡಿಟ್ಟ ಶಕ್ತಿ ಸುಮಾರು 28 ಸಾವಿರ ಜೌಲ್. 5 ಕಿಲೋವಾಟ್ ಅಂದರೆ ಸೆಕೆಂಡಿಗೆ 5 ಸಾವಿರ ಜೌಲ್. ಐದೂವರೆ ಸೆಕೆಂಡಿಗೆ ತಟ್ಟೆ ಪೂರ್ತಿ ನಿಂತುಹೋಗುತ್ತದೆ. ವೋಲ್ಟೇಜ್ ಕೈಕೊಡುವುದು ಅದಕ್ಕಿಂತ ಮೊದಲೇ. ಆ ಶಕ್ತಿಯನ್ನೂ ಮೊದಲು ನಿಮ್ಮ ಲೈನಿನ ಕರೆಂಟೇ ತುಂಬಿದ್ದು. ಹಾಗಾದರೆ ವಿಡಿಯೊದಲ್ಲಿ ಬಲ್ಬು ಉರಿದದ್ದು ಹೇಗೆ? ಸ್ಟ್ಯಾಂಡಿನ ಕೊಳವೆಯೊಳಗೆ ಒಂದು ವೈರು ಬಂದಿರಬಹುದು, ಕೆಳಗಿನ ಪೆಟ್ಟಿಗೆಯಲ್ಲಿ ಬ್ಯಾಟರಿ ಇನ್ವರ್ಟರ್ ಇರಬಹುದು. ಮೀಟರಿನಲ್ಲಿ 230 ವೋಲ್ಟ್ ತೋರಿಸುವುದೂ ದೊಡ್ಡ ಸಂಗತಿಯಲ್ಲ, ಲೋಡಿಲ್ಲದಾಗ ವೋಲ್ಟೇಜ್ ಅಗ್ಗ. ಅಣ್ಣನ ಮಗನಿಗೆ ಇಷ್ಟು ಹೇಳಿ: ಯಂತ್ರವನ್ನು ಬರಿ ಮಣ್ಣಿನ ಬಯಲಿನಲ್ಲಿಡಲಿ, ಬ್ಯಾಟರಿ ಅಡಗಿರಬಹುದಾದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ತೋರಿಸಲಿ, ನೀವು ತಂದ 2000 ವಾಟಿನ ನೀರು ಕಾಯಿಸುವ ಕಾಯಿಲನ್ನು ಒಂದು ಗಂಟೆ ನಿಲ್ಲದೆ ಉರಿಸಲಿ. ಒಪ್ಪುವುದಿಲ್ಲ, ನೋಡಿ.

ಡೀಸೆಲ್ ನಿಜವಾಗಿ ಉಳಿಸಬೇಕಾದರೆ ಹಿಡಿಯಬೇಕಾದ ದಾರಿ ಬೇರೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಾಖ ಇರುತ್ತದೆ. ಈ ಗಾತ್ರದ ಸೆಟ್ಟು ಒಳ್ಳೆಯ ಲೋಡಿನಲ್ಲಿ ಅದರಿಂದ 3 ಯೂನಿಟ್ ಸುಮಾರಿಗೆ ಕರೆಂಟ್ ಕೊಟ್ಟರೆ ಚೆನ್ನಾಗಿದೆ ಅನ್ನಬೇಕು. ಮಿಕ್ಕಿದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಗೂಡು ಬೇಯಿಸುವ ನೀರಿಗೆ ಪಕ್ಕದಲ್ಲೇ ಸೌದೆ ಉರಿಸುತ್ತೀರಿ ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಸೆಟ್ಟು ಓಡಿಸುವವರಾದರೆ ಆ ಬಿಸಿಯಿಂದ ನೀರನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳುವ ಏರ್ಪಾಟು ಯೋಚಿಸಬಹುದು. ಅರ್ಧ ಗಂಟೆಯ ಮಟ್ಟಿಗೆ ಓಡಿಸುವವರಿಗೆ ಖರ್ಚು ಗಿಟ್ಟುವುದಿಲ್ಲ.

ಲೋಡ್ ತೀರ ಕಡಿಮೆ ಇದ್ದರೂ ನಷ್ಟವೇ. ಇಂಥ ಸೆಟ್ಟುಗಳ ಲೆಕ್ಕದಲ್ಲಿ 15 ಕೆವಿಎ ಅಂದರೆ ಸುಮಾರು 12 ಕಿಲೋವಾಟ್; ಬರೀ ನಾಲ್ಕು ಟ್ಯೂಬ್‌ಲೈಟಿಗೆ ಅದನ್ನು ಓಡಿಸಿದರೆ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಡೀಸೆಲ್ ಸುಡುತ್ತದೆ, ಒಳಗೆ ಮಸಿಯೂ ಕಟ್ಟುತ್ತದೆ. ಲೈಟು ಫ್ಯಾನಿಗೆ ಚಿಕ್ಕ ಇನ್ವರ್ಟರ್ ಇಟ್ಟುಕೊಳ್ಳಿ, ಮೋಟರ್‌ಗಳು ಓಡಲೇಬೇಕಾದಾಗ ಮಾತ್ರ ಸೆಟ್ಟು ಹಾಕಿ. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಕೈಯಲ್ಲಿ ಕ್ಲಾಂಪ್ ಮೀಟರ್ ಹಿಡಿಸಿ, ಎಲ್ಲ ಓಡುತ್ತಿರುವಾಗ ಮೂರು ಫೇಸಿನ ಕರೆಂಟನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಸಿಂಗಲ್ ಫೇಸ್ ಲೋಡನ್ನೆಲ್ಲ ಒಂದೇ ಫೇಸಿಗೆ ಕಟ್ಟಿರುವುದು ಸಣ್ಣ ಘಟಕಗಳಲ್ಲಿ ಬಹಳ ಸಾಮಾನ್ಯ. ನಿಮ್ಮಲ್ಲೂ ಹಾಗಿದ್ದು ಒಂದು ಫೇಸಿನಲ್ಲಿ 20 ಆಂಪಿಯರ್, ಇನ್ನೊಂದರಲ್ಲಿ 6 ಬಂದರೆ, ಬೇರೇನೂ ಮಾಡುವ ಮೊದಲು ಅದನ್ನು ಹಂಚಿಸಿ. 15 ಕೆವಿಎ ಸೆಟ್ಟಿಗೆ ಒಂದು ಫೇಸಿನ ಮಿತಿ 21 ಆಂಪಿಯರ್ ಸುಮಾರು.